ಮೂವತ್ತೂ ಅಲ್ಲ, ನಲವತ್ತೈದೂ ಅಲ್ಲ

ಬನಶಂಕರಿ ಜಾತ್ರೆಗೆ ಅಕ್ಕನ ಮಗಳು ಚೊಳಚಗುಡ್ಡಕ್ಕೆ ಬಂದಿದ್ದಳು. ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹತ್ತನೇ ಕ್ಲಾಸು ಓದುತ್ತಾಳೆ. ಬಳೆ ಕೊಳ್ಳಲು, ನಾಟಕ ನೋಡಲು ಬಂದವಳ ಚೀಲದಲ್ಲಿ ಗಣಿತದ ಪುಸ್ತಕವೂ ಇತ್ತು. ಪರೀಕ್ಷೆಯ ಭಯ ಬನದ ಹುಣ್ಣಿಮೆಗೇ ಹಿಡಿದುಕೊಂಡಿರುತ್ತದೆ.

ಗುಡಿಯ ಮುಂದಿನ ಹೊಂಡದ ಮೆಟ್ಟಿಲ ಮೇಲೆ ಕೂತಾಗ ಅವಳು ತನ್ನಷ್ಟಕ್ಕೆ ಏನೋ ಬಾಯಿಪಾಠ ಮಾಡುತ್ತಿದ್ದಳು. ಎಡಗೈ ಬೆರಳು ಒಂದೊಂದೇ ಮಡಚುವುದು, ಮೇಲೆಷ್ಟು ಕೆಳಗೆಷ್ಟು ಎಣಿಸುವುದು. ಸೈನ್ 0 ಅಂದರೆ 0. ಸೈನ್ 30 ಅಂದರೆ ಅರ್ಧ. ಸೈನ್ 45 ಅಂದರೆ √2ರ ಅರ್ಧ. ಸೈನ್ 60 ಅಂದರೆ √3ರ ಅರ್ಧ. ಸೈನ್ 90 ಅಂದರೆ 1. ಹತ್ತನೇ ಕ್ಲಾಸು ಮುಗಿಸಿದ ಎಲ್ಲರಿಗೂ ಈ ಪಟ್ಟಿ ಗೊತ್ತು. ನನಗೂ ಇನ್ನೂ ಬಾಯಲ್ಲಿದೆ, ಅದರಿಂದ ಏನೂ ಉಪಯೋಗವಾಗದಿದ್ದರೂ.

‘ಇವು ಎಲ್ಲಿಂದ ಬಂದ್ವು?’ ಅಂತ ಕೇಳಿದೆ.

‘ಬೆರಳಿಂದ’ ಅಂದಳು. ತಮಾಷೆಗೆ ಹೇಳಿದ್ದಲ್ಲ. √0, √1, √2, √3, √4 ಬರೆದು ಎಲ್ಲವನ್ನೂ ಎರಡರಿಂದ ಭಾಗಿಸಿದರೆ ಪಟ್ಟಿ ತಯಾರು, ಹಾಗೆ ಹೇಳಿಕೊಟ್ಟಿದ್ದಾರೆ. ‘ಹಂಗಾರ √5 ಯಾವ ಕೋನಕ್ಕ ಬರ್ತೈತಿ ಮಾಮಾ?’ ಅಂತ ಅವಳೇ ತಿರುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. √5ರ ಅರ್ಧ ಒಂದಕ್ಕಿಂತ ದೊಡ್ಡದು, ಹಾಗಾಗಿ ಅದು ಯಾವ ಕೋನದ ಸೈನೂ ಆಗಲಾರದು. ಆದರೆ √5 ಬೇರೊಂದು ಬಾಗಿಲಿನಿಂದ ಬರುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಮರುದಿನ ಮನೆಯ ಹಿಂದಿನ ಬೇವಿನ ಮರದ ಎತ್ತರ ಅಳೆಯೋಣ ಅಂತ ಹೊರಟೆವು. (ದೀಪಸ್ತಂಭ ಅಳೆಯುವ ಆಸೆ ಅವಳಿಗಿತ್ತು. ಜಾತ್ರೆಯ ಗದ್ದಲದಲ್ಲಿ ಟೇಪು ಹಿಡಿದು ನಿಂತರೆ ಜನ ಏನಂದುಕೊಂಡಾರು.) ಕಂಪಾಸು ಬಾಕ್ಸಿನ ಕೋನಮಾಪಕ, ಜ್ಯೂಸ್ ಕುಡಿದು ಎಸೆದಿದ್ದ ಒಂದು ಕೊಳವೆ, ದಾರ, ದಾರದ ತುದಿಗೆ ಒಂದು ಹರಳು. ಮರದಿಂದ 40 ಅಡಿ ದೂರ ನಿಂತು ಕೊಳವೆಯಲ್ಲಿ ತುದಿ ನೋಡಿದಳು. ದಾರ 53ರ ಮೇಲೆ ನಿಂತಿತು. 90ರಲ್ಲಿ 53 ಕಳೆದರೆ ಉನ್ನತ ಕೋನ 37 ಡಿಗ್ರಿ.

ಅವಳ ಮುಖ ಸಪ್ಪಗಾಯಿತು. ‘ಮೂವತ್ತೂ ಅಲ್ಲ, ನಲವತ್ತೈದೂ ಅಲ್ಲ. ಟೇಬಲಿನ್ಯಾಗ ಇಲ್ಲ. ಈಗೇನ್ ಮಾಡೂದು?’

ಅವಳ ಪುಸ್ತಕದ ಲೆಕ್ಕಗಳಲ್ಲಿ ಗೋಪುರ, ಮರ, ಗಾಳಿಪಟ, ದೀಪಸ್ತಂಭ ಎಲ್ಲವೂ ಮೂವತ್ತು, ನಲವತ್ತೈದು, ಅರವತ್ತರಲ್ಲೇ ನಿಂತಿರುತ್ತವೆ. ನಮ್ಮ ಬೇವಿನ ಮರಕ್ಕೆ ಪಠ್ಯಕ್ರಮ ಗೊತ್ತಿಲ್ಲ.

ಇದೇ ಪ್ರಶ್ನೆಯನ್ನು ಅವಳು ಕ್ಲಾಸಿನಲ್ಲೂ ಕೇಳಿದ್ದಳಂತೆ. ‘ಸರ್, ನಲವತ್ತು ಡಿಗ್ರಿಗೆ ಎಷ್ಟು?’ ಅಂದದ್ದಕ್ಕೆ ‘ಅದು ಪರೀಕ್ಷೆಗೆ ಬರೂದಿಲ್ಲ, ಕುಂದ್ರು’ ಅಂದರಂತೆ. ಆಮೇಲೆ ಅವಳು ಕೇಳಿಲ್ಲ. ಪಿಯುಸಿಗೆ ಸೈನ್ಸ್ ಬೇಡ, ಆರ್ಟ್ಸ್ ಸಾಕು ಎಂದು ಈಗ ಮನೆಯಲ್ಲಿ ಹೇಳತೊಡಗಿದ್ದಾಳೆ. ಗಣಿತ ಅವಳಿಗೆ ಬರುವುದಿಲ್ಲ ಅಂತಲ್ಲ, ತನಗೆ ಬರುವುದಿಲ್ಲ ಅಂತ ಅವಳು ನಂಬಿದ್ದಾಳೆ. ನನಗೆ ಈ ದಾರಿ ಚೆನ್ನಾಗಿ ಗೊತ್ತು, ನಾನೂ ಇದೇ ದಾರಿಯಲ್ಲಿ ಪತ್ರಿಕೋದ್ಯಮಕ್ಕೆ ಬಂದವನು. ಆರ್ಟ್ಸ್ ಓದಿದ್ದಕ್ಕೆ ಬೇಸರವಿಲ್ಲ. ಹೆದರಿ ಓದಿದ್ದಕ್ಕೆ ಬೇಸರವಿದೆ.

ಪತ್ರಿಕೋದ್ಯಮದ ಮೊದಲ ವಾರದಲ್ಲೇ ನಮಗೆ ಹೇಳಿಕೊಟ್ಟ ಪಾಠ ಒಂದಿತ್ತು. ಯಾರಾದರೂ ಒಂದು ಅಂಕಿ ಕೊಟ್ಟರೆ, ಇದು ಎಲ್ಲಿಂದ ಬಂತು ಅಂತ ಕೇಳಬೇಕು. ಮಳೆ ಹಾನಿಯ ಅಂಕಿಗೂ ಕೇಳಬೇಕು, ಮತದ ಅಂಕಿಗೂ ಕೇಳಬೇಕು. ಗಣಿತದ ತರಗತಿಯಲ್ಲಿ ಮಾತ್ರ ಐದು ಅಂಕಿ ಆಕಾಶದಿಂದ ಇಳಿದು ಬರುತ್ತವೆ, ಎಲ್ಲಿಂದ ಬಂದವು ಅಂತ ಕೇಳಿದ ಮಗು ಕುಳಿತುಕೊಳ್ಳಬೇಕು. ಇದು ತಪ್ಪು. ಪಟ್ಟಿ ಬಾಯಿಪಾಠ ಮಾಡಿಸುವುದಕ್ಕೆ ಮುಂಚೆ ಅದು ಹುಟ್ಟಿದ ಜಾಗ ತೋರಿಸಬೇಕು, ಹಾಗೆಯೇ ಅದು ಎಲ್ಲಿ ಮುಗಿಯುತ್ತದೆ ಅನ್ನುವುದನ್ನೂ ಹೇಳಬೇಕು.

ಮೇಷ್ಟ್ರನ್ನು ಬೈಯುವುದು ಸುಲಭ, ಅದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಹಳ್ಳಿ ಹೈಸ್ಕೂಲಿನ ಗಣಿತದ ಮೇಷ್ಟ್ರಿಗೆ ಮೂರು ತರಗತಿ, ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ, ಎಲ್ಲದರ ಮೇಲೆ ಫಲಿತಾಂಶದ ಸಭೆಯಲ್ಲಿ ಎಲ್ಲರೆದುರು ನಿಂತು ಉತ್ತರ ಕೊಡುವ ಸಂಕಟ. ಜನವರಿಯಷ್ಟೊತ್ತಿಗೆ ‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರಿನ ಕೈಪಿಡಿ ಓಡಾಡುತ್ತದೆ. ಇಷ್ಟು ಓದಿದರೆ ಪಾಸು, ಉಳಿದದ್ದು ಬಿಡಿ. ಬಡ ಮಗು ಪಾಸಾಗುವುದು ಸಣ್ಣ ಮಾತಲ್ಲ, ಒಪ್ಪುತ್ತೇನೆ. ಆದರೆ ಬಿಟ್ಟದ್ದರಲ್ಲಿ ಏನಿತ್ತು ಅನ್ನುವುದನ್ನೂ ನೋಡಬೇಕಲ್ಲ.

ಬಿಟ್ಟದ್ದರಲ್ಲಿ ಮೊದಲನೆಯದು ಪಠ್ಯಪುಸ್ತಕದಲ್ಲೇ ಇದೆ. ಐದು ಅಂಕಿಗಳು ಹೇಗೆ ಬಂದವು ಅಂತ ಎರಡು ಮೂರು ಪುಟದಲ್ಲಿ ಚಿತ್ರ ಹಾಕಿ ತೋರಿಸಿದ್ದಾರೆ. ತರಗತಿ ಆ ಪುಟಗಳನ್ನು ದಾಟಿ ಸೀದಾ ಪಟ್ಟಿಗೆ ಹೋಗುತ್ತದೆ. ಆ ಚಿತ್ರಗಳಿಗೆ ನಮ್ಮೂರಲ್ಲಿ ಪುಸ್ತಕವೂ ಬೇಕಿಲ್ಲ. ಹರಿದ್ರಾ ತೀರ್ಥ, ಅಂದರೆ ನಾವು ಕೂತಿದ್ದ ಹೊಂಡ, ಚೌಕಾಕಾರದ್ದು. ಒಂದು ಮೂಲೆಯಲ್ಲಿ ನಿಂತು ಎದುರು ಮೂಲೆಯನ್ನು ನೋಡಿದರೆ ದೃಷ್ಟಿ ಹೋಗುವ ಗೆರೆ ಚೌಕದ ಕರ್ಣ, ಅದು ಬದಿಯೊಂದಿಗೆ ಮಾಡುವ ಕೋನ 45. ಬದಿ ಒಂದು ಅಂತಿಟ್ಟುಕೊಂಡರೆ ಪೈಥಾಗೊರಸ್ ಪ್ರಮೇಯದಿಂದ ಕರ್ಣ √2. ಒಂದನ್ನು √2ರಿಂದ ಭಾಗಿಸಿ, ಸೈನ್ 45 ಬಂತು. ಬೆರಳು ಮಡಚಬೇಕಿಲ್ಲ.

ಇನ್ನೊಂದು ಆಕಾರ ಸಮಬಾಹು ತ್ರಿಭುಜ. ಮೂರೂ ಬದಿ ಎರಡೆರಡು, ಮೂರೂ ಕೋನ ಅರವತ್ತು. ನೆತ್ತಿಯಿಂದ ಒಂದು ಲಂಬ ಇಳಿಸಿದರೆ ನೆತ್ತಿಯ ಕೋನ ಮೂವತ್ತು ಮೂವತ್ತಾಗಿ ಒಡೆಯುತ್ತದೆ, ಪಾದ ಒಂದೊಂದಾಗಿ ಒಡೆಯುತ್ತದೆ, ಲಂಬದ ಎತ್ತರ √3. ಸೈನ್ 30 ಅರ್ಧ ಯಾಕೆ, ಸೈನ್ 60ರಲ್ಲಿ √3 ಯಾಕೆ, ಎರಡಕ್ಕೂ ಉತ್ತರ ಅಲ್ಲೇ ಇದೆ. ಪಟ್ಟಿಯ ಗುಟ್ಟು ಒಂದು ಚೌಕ, ಒಂದು ತ್ರಿಭುಜ. ಇಷ್ಟನ್ನು ಹೊಂಡದ ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ ಹತ್ತು ನಿಮಿಷದಲ್ಲಿ ಬರೆದು ತೋರಿಸಬಹುದು. ಬರೆದೆ. ಹತ್ತು ನಿಮಿಷವೂ ಆಗಲಿಲ್ಲ.

ಇಲ್ಲಿಂದ ಮುಂದಿನದು ಪುಸ್ತಕದಲ್ಲಿಲ್ಲ. ಆದರೆ ಅದಕ್ಕೆ ಬೇಕಾದ ಸಾಮಾನೆಲ್ಲ ಅದೇ ಪುಸ್ತಕದಲ್ಲಿದೆ ಅನ್ನುವುದು ನನಗೆ ಇತ್ತೀಚೆಗೆ ಹೊಳೆದದ್ದು. ಮೂರನೆಯ ಆಕಾರ ಪಂಚಭುಜ. ಅದರೊಳಗೆ ಉದ್ದನೆಯ ಒಂದು ತ್ರಿಭುಜ ಇರುತ್ತದೆ. ನೆತ್ತಿಯಲ್ಲಿ 36 ಡಿಗ್ರಿ, ಕೆಳಗಿನ ಎರಡೂ ಮೂಲೆಯಲ್ಲಿ 72. ಉದ್ದದ ಎರಡು ಬದಿ ಒಂದೊಂದು ಅನ್ನಿ, ಪಾದವನ್ನು ಎಕ್ಸ್ ಅನ್ನಿ. ಕೆಳಗಿನ ಒಂದು 72ನ್ನು ಸರಿಯಾಗಿ ಅರ್ಧ ಮಾಡಿ ಎದುರು ಬದಿಗೆ ಗೆರೆ ಎಳೆಯಿರಿ. ಒಳಗೆ ಇನ್ನೊಂದು ಸಣ್ಣ ತ್ರಿಭುಜ ಹುಟ್ಟುತ್ತದೆ, ಅದರ ಕೋನಗಳೂ 36, 72, 72. ತಾಯಿಯ ತದ್ರೂಪು ಮಗಳು. ತಾಯಿಯ ಪಾದವೇ ಮಗಳ ಉದ್ದ ಬದಿ, ಅಂದರೆ ಎಕ್ಸ್. ಮಗಳ ಪಾದ ಉಳಿದ ತುಂಡು, ಒಂದರಲ್ಲಿ ಎಕ್ಸ್ ಕಳೆದದ್ದು. ಸಮರೂಪ ತ್ರಿಭುಜಗಳ ಬದಿಗಳು ಒಂದೇ ಅನುಪಾತದಲ್ಲಿರಬೇಕು, ಆದ್ದರಿಂದ ಎಕ್ಸಿನ ವರ್ಗ, ಒಂದರಲ್ಲಿ ಎಕ್ಸ್ ಕಳೆದಷ್ಟು. ವರ್ಗ ಸಮೀಕರಣದ ಸೂತ್ರ ಹಾಕಿದರೆ ಎಕ್ಸ್ ಅಂದರೆ √5ರಲ್ಲಿ ಒಂದು ಕಳೆದು ಎರಡರಿಂದ ಭಾಗಿಸಿದ್ದು. ಇನ್ನು ನೆತ್ತಿಯಿಂದ ಲಂಬ ಇಳಿಸಿದರೆ 36 ಅರ್ಧವಾಗಿ 18, ಪಾದವೂ ಅರ್ಧ. ಸೈನ್ 18 ಅಂದರೆ √5ರಲ್ಲಿ ಒಂದು ಕಳೆದು ನಾಲ್ಕರಿಂದ ಭಾಗಿಸಿದ್ದು. ದಶಮಾಂಶದಲ್ಲಿ 0.3090.

ಅವಳು ಕೇಳಿದ √5 ಈ ಬಾಗಿಲಿನಿಂದ ಬಂತು. ಸಮರೂಪ ತ್ರಿಭುಜ ಒಂದು ಅಧ್ಯಾಯ, ವರ್ಗ ಸಮೀಕರಣ ಒಂದು ಅಧ್ಯಾಯ, ತ್ರಿಕೋನಮಿತಿ ಒಂದು ಅಧ್ಯಾಯ. ಮೂರನ್ನೂ ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಅಂಕದ ಪ್ರಶ್ನೆಗಳಾಗಿ ಕಲಿಸುತ್ತೇವೆ. ಮೂರೂ ಒಂದೇ ಲೆಕ್ಕದಲ್ಲಿ ಕೂಡುವುದನ್ನು ಮಗು ಒಮ್ಮೆಯೂ ನೋಡುವುದಿಲ್ಲ.

ಈ ಪಂಚಭುಜದ ಲೆಕ್ಕ ವಿದೇಶದ್ದು, ನಮಗ್ಯಾಕೆ ಅನ್ನುವವರಿಗೆ ಒಂದು ಮಾತು. ಭಾಸ್ಕರಾಚಾರ್ಯ ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ಹುಟ್ಟಿದವರು. 36ನೇ ವಯಸ್ಸಿನಲ್ಲಿ ‘ಸಿದ್ಧಾಂತ ಶಿರೋಮಣಿ’ ಬರೆದೆ ಅಂತ ಅವರೇ ಹೇಳಿಕೊಂಡಿದ್ದಾರೆ. ತಮ್ಮ ಊರನ್ನು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಕರೆದಿದ್ದಾರೆ. ಅದು ನಮ್ಮ ವಿಜಾಪುರವೇ ಎಂದು ನಾವು, ಅಲ್ಲ ನಮ್ಮ ಕಡೆಯದು ಎಂದು ಮಹಾರಾಷ್ಟ್ರದವರು, ಜಗಳ ಇನ್ನೂ ಮುಗಿದಿಲ್ಲ. ಅವರ ಬಳಿಯೂ ಗಟ್ಟಿ ವಸ್ತುವಿದೆ. ಜಳಗಾಂವ ಜಿಲ್ಲೆಯ ಚಾಳೀಸಗಾಂವ ಹತ್ತಿರದ ಪಾಟಣೆಯಲ್ಲಿ ಭಾಸ್ಕರರ ಮೊಮ್ಮಗ ಚಾಂಗದೇವ ತಾತನ ಗ್ರಂಥಗಳನ್ನು ಪಾಠ ಹೇಳಲು ಮಠ ಮಾಡಿಸಿದ ಶಾಸನ ಸಿಕ್ಕಿದೆ, 1207ನೇ ಇಸವಿಯದ್ದು. 1997ರ ತನಕ ಬಾಗಲಕೋಟೆಯೂ ವಿಜಾಪುರ ಜಿಲ್ಲೆಯ ಭಾಗವೇ ಆಗಿತ್ತು, ಆ ಲೆಕ್ಕದಲ್ಲಿ ನಾನೂ ಈ ಜಗಳದಲ್ಲಿ ಒಬ್ಬ ಪಾಲುದಾರ. ಆದರೆ ಒಂದು ವ್ಯತ್ಯಾಸ ನೋಡಿ. ಮೊಮ್ಮಗ ತಾತನ ಪುಸ್ತಕ ಓದಿಸಲು ಮಠ ಕಟ್ಟಿಸಿದ. ನಾವು ತಾತ ಹುಟ್ಟಿದ ಊರಿಗಾಗಿ ಭಾಷಣ ಮಾಡುತ್ತೇವೆ, ಪುಸ್ತಕ ತೆರೆಯುವುದಿಲ್ಲ.

ತೆರೆದರೆ, ಸಿದ್ಧಾಂತ ಶಿರೋಮಣಿಯ ಗೋಲಾಧ್ಯಾಯದಲ್ಲಿ ‘ಜ್ಯೋತ್ಪತ್ತಿ’ ಅಂತ ಒಂದು ಪ್ರಕರಣ ಇದೆ. ಕನ್ನಡ ಪೇಪರಿನಲ್ಲಿ ಗುಣಸಂಧಿಗೆ ಉದಾಹರಣೆ ಬೇಕಿದ್ದರೆ ಬರೆದುಕೊಳ್ಳಿ. ಜ್ಯಾ ಮತ್ತು ಉತ್ಪತ್ತಿ ಸೇರಿ ಜ್ಯೋತ್ಪತ್ತಿ. ಜ್ಯಾ ಅಂದರೆ ಬಿಲ್ಲಿನ ಹೆದೆ, ಗಣಿತದಲ್ಲಿ ಸೈನ್. ಸೈನ್ ಎಲ್ಲಿಂದ ಹುಟ್ಟುತ್ತದೆ ಅನ್ನುವುದೇ ಆ ಭಾಗದ ಹೆಸರು. ಕ್ಲಾಸಿನಲ್ಲಿ ಕೇಳಬಾರದು ಅಂದ ಪ್ರಶ್ನೆಯನ್ನೇ 1150ರಲ್ಲಿ ಒಬ್ಬರು ತಲೆಬರಹ ಮಾಡಿ ಇಟ್ಟಿದ್ದಾರೆ. ಅಲ್ಲಿ 30, 45ರ ಜೊತೆಗೆ 36ರದ್ದೂ 18ರದ್ದೂ ವರ್ಗಮೂಲದ ಸರಿಯಾದ ರೂಪ ಇದೆ. 36ರದ್ದು ಹೀಗೆ: ಐದರಲ್ಲಿ √5 ಕಳೆದು, ಎಂಟರಿಂದ ಭಾಗಿಸಿ, ಬಂದದ್ದರ ವರ್ಗಮೂಲ ತೆಗೆ. ವರ್ಗಮೂಲದೊಳಗೆ ವರ್ಗಮೂಲ ತೆಗೆಯುವ ತಾಪತ್ರಯ ಬೇಡ ಅನ್ನುವವರಿಗೆ ಪಕ್ಕದಲ್ಲೇ ಸುಲಭದ ಬೆಲೆಯನ್ನೂ ಕೊಟ್ಟಿದ್ದಾರೆ, ಹತ್ತು ಸಾವಿರದಲ್ಲಿ 5878. ಅದನ್ನು ಅಂಕಿಯಲ್ಲಿ ಹೇಳದೆ ಆನೆ, ಕುದುರೆ, ಆನೆ, ಬಾಣ ಎಂಬ ಅರ್ಥದ ಪದಗಳಲ್ಲಿ ಹೇಳುತ್ತಾರೆ. ಆನೆ ಎಂಟು, ಕುದುರೆ ಏಳು, ಬಾಣ ಐದು, ಬಿಡಿ ಸ್ಥಾನದಿಂದ ಎಣಿಸಬೇಕು. ಮೊಬೈಲಿನಲ್ಲಿ ನೋಡಿದೆವು, ಸೈನ್ 36 ಅಂದರೆ 0.58778 ಚಿಲ್ಲರೆ. ಆನೆ ಕುದುರೆ ಲೆಕ್ಕ ನಾಲ್ಕು ಸ್ಥಾನದ ತನಕ ಸರಿ. ಅಕ್ಕನ ಮಗಳಿಗೆ ಎಲ್ಲಕ್ಕಿಂತ ಇದೇ ಹೆಚ್ಚು ಹಿಡಿಸಿತು.

ಮಧ್ಯೆ ಒಂದು ಮಾತು, ವಿಷಯಕ್ಕೆ ತೀರಾ ಸಂಬಂಧವಿಲ್ಲದಿದ್ದರೂ. ಜ್ಯಾ, ಜೀವಾ ಎಂಬ ನಮ್ಮ ಪದ ಅರಬರ ಕೈಯಲ್ಲಿ ‘ಜೀಬ’ ಆಯಿತು. ಸ್ವರ ಬರೆಯದ ಲಿಪಿಯಲ್ಲಿ ಅದನ್ನು ಮುಂದಿನವರು ‘ಜೈಬ್’ ಅಂತ ಓದಿದರು, ಅಂದರೆ ಅಂಗಿಯ ಎದೆಯ ಮಡಿಕೆ. ಲ್ಯಾಟಿನ್‌ಗೆ ತಂದವರು ಅದೇ ಅರ್ಥದ ‘ಸೈನಸ್’ ಬರೆದರು, ಅದೇ ಸೈನ್ ಆಗಿ ನಮ್ಮ ಹತ್ತನೇ ಕ್ಲಾಸಿಗೆ ವಾಪಸ್ ಬಂತು. ಆ ಜೈಬ್ ಇನ್ನೊಂದು ದಾರಿಯಲ್ಲಿ ಪರ್ಷಿಯನ್ ಮೂಲಕ ಬಂದು ಕನ್ನಡದ ‘ಜೇಬು’ ಆಗಿದೆ. ನಾವು ಈ ಕಡೆಯವರು ಕಿಸೆ ಅನ್ನುತ್ತೇವೆ, ಹಾಗಾಗಿ ಸಿಕ್ಕಿಬಿದ್ದಿಲ್ಲ.

ಈಗ ಮಿತಿಯ ಮಾತು. ಚೌಕ, ತ್ರಿಭುಜದಿಂದ 45 ಮತ್ತು 30 ಸಿಕ್ಕವು, ಅವುಗಳ ವ್ಯತ್ಯಾಸ 15. ಪಂಚಭುಜದಿಂದ 18. ಹದಿನೆಂಟರಲ್ಲಿ ಹದಿನೈದು ಹೋದರೆ ಮೂರು. ಎರಡು ಕೋನಗಳ ಮೊತ್ತದ್ದು, ವ್ಯತ್ಯಾಸದ್ದು ಸೈನ್ ತೆಗೆಯುವ ಸೂತ್ರ ಪಿಯುಸಿಯಲ್ಲಿ ಬರುತ್ತದೆ, ಜ್ಯೋತ್ಪತ್ತಿಯಲ್ಲೂ ಇದೆ. ಅದನ್ನು ಹಾಕಿದರೆ 3, 6, 9, 12 ಹೀಗೆ ಮೂರರ ಮಗ್ಗಿಯ ಎಲ್ಲ ಕೋನಗಳಿಗೂ ವರ್ಗಮೂಲದಲ್ಲೇ ಸರಿಯಾದ ಬೆಲೆ ಸಿಗುತ್ತದೆ. ಅರ್ಧ ಮಾಡುತ್ತ ಹೋದರೆ ಒಂದೂವರೆ, ಮುಕ್ಕಾಲು ಡಿಗ್ರಿಗೂ ಸಿಗುತ್ತದೆ.

ಒಂದು ಡಿಗ್ರಿಗೆ ಮಾತ್ರ ಸಿಗುವುದಿಲ್ಲ. ಎರಡಕ್ಕಿಲ್ಲ, ನಾಲ್ಕಕ್ಕಿಲ್ಲ, ಅವಳು ಕ್ಲಾಸಿನಲ್ಲಿ ಕೇಳಿದ ನಲವತ್ತಕ್ಕೂ ಇಲ್ಲ. ಮೂರು ಡಿಗ್ರಿಯಿಂದ ಒಂದಕ್ಕೆ ಹೋಗಬೇಕಾದರೆ ಕೋನವನ್ನು ಮೂರು ಪಾಲು ಮಾಡಬೇಕು, ಅಲ್ಲಿ ವರ್ಗ ಸಮೀಕರಣ ಸಾಲದೆ ಘನ ಸಮೀಕರಣ ಬರುತ್ತದೆ. ಅಳತೆಪಟ್ಟಿ ಕೈವಾರದಿಂದ 60 ಡಿಗ್ರಿಯನ್ನು ಮೂರು ಸಮಪಾಲು ಮಾಡಲು ಸಾಧ್ಯವೇ ಇಲ್ಲ ಎಂದು ಫ್ರಾನ್ಸಿನ ಪಿಯರ್ ವಾಂಟ್ಸೆಲ್ 1837ರಲ್ಲಿ ಸಾಧಿಸಿ ತೋರಿಸಿದರು. ಘನಮೂಲ ಬಳಸಿ ಬರೆಯೋಣ ಅಂದರೆ ಋಣ ಸಂಖ್ಯೆಯ ವರ್ಗಮೂಲ ನಡುವೆ ಬಂದು ನಿಲ್ಲುತ್ತದೆ. ಉತ್ತರ ವಾಸ್ತವ ಸಂಖ್ಯೆಯೇ, ಆದರೆ ಅಲ್ಲಿಗೆ ಹೋಗುವ ದಾರಿ ಊಹಾ ಸಂಖ್ಯೆಗಳ ಮೂಲಕ ಹಾಯಲೇಬೇಕು, ಬೇರೆ ದಾರಿಯಿಲ್ಲ. ಒಂದು ಡಿಗ್ರಿಯ ಸೈನ್ ಪೂರ್ಣಾಂಕಗಳ ಸಮೀಕರಣವೊಂದರ ಉತ್ತರ ಹೌದು, ಆದರೆ ಆ ಸಮೀಕರಣ 48ನೇ ಘಾತದ್ದು.

‘ಯಾವುದೇ ಕೋನದ ಬೆಲೆ ಐದೇ ಸೆಕೆಂಡಿನಲ್ಲಿ’ ಎಂದು ಹೇಳುವ ವಿಡಿಯೋಗಳನ್ನು ಮಕ್ಕಳು ನೋಡುತ್ತಾರೆ. ನಾನು ನೋಡಿದ ಒಂದೆರಡರಲ್ಲಿ ಇರುವುದು ಪಟ್ಟಿಯ ಎರಡು ಬೆಲೆಗಳ ನಡುವೆ ನೇರ ಗೆರೆ ಎಳೆದು ಊಹಿಸುವ ವಿದ್ಯೆ. ಊಹೆ ತಪ್ಪಲ್ಲ. ಊಹೆಯನ್ನು ನಿಖರ ಅಂತ ಮಾರುವುದು ತಪ್ಪು. ನಲವತ್ತು ಡಿಗ್ರಿಗೆ ಎಷ್ಟು ಅಂತ ಕೇಳಿದ ಹುಡುಗಿಗೆ ಕೊಡಬಹುದಾಗಿದ್ದ ಉತ್ತರ ಇದು: ‘ಬೇಕಾದಷ್ಟು ಸ್ಥಾನದ ತನಕ ಲೆಕ್ಕ ಹಾಕಬಹುದು, ವರ್ಗಮೂಲದಾಗ ಬರಿಯಾಕ ಆಗೂದಿಲ್ಲ, ಯಾಕ ಆಗೂದಿಲ್ಲ ಅಂತ ಜನ ಎರಡು ಸಾವಿರ ವರ್ಷ ತಲಿ ಕೆಡಿಸಿಕೊಂಡಾರ.’ ಅರ್ಧ ನಿಮಿಷದ ಉತ್ತರ. ಸಿಲೆಬಸ್ಸಿಗೆ ಏನೂ ಹಾನಿಯಿಲ್ಲ.

ಬೇಕಾದಷ್ಟು ಸ್ಥಾನದ ತನಕ ಹೋಗುವ ವಿದ್ಯೆಗೂ ನಮ್ಮಲ್ಲಿ ದೊಡ್ಡ ಪರಂಪರೆ ಇದೆ. 499ರಲ್ಲಿ ಆರ್ಯಭಟ ಮೂರು ಮುಕ್ಕಾಲು ಡಿಗ್ರಿಗೊಂದರಂತೆ 24 ಜ್ಯಾಗಳನ್ನು ಕೊಟ್ಟರು. ಕೇರಳದ ಮಾಧವ ಹದಿನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ ಯಾವ ಕೋನಕ್ಕಾದರೂ ಹೊಂದುವ, ಮುಗಿಯದ ಸರಣಿಯನ್ನೇ ಕಂಡುಕೊಂಡರು. ಎಷ್ಟು ಪದ ಕೂಡಿಸುತ್ತೀರೋ ಅಷ್ಟು ಹತ್ತಿರ ಹೋಗುತ್ತೀರಿ. ಸಮರ್‌ಕಂಡದಲ್ಲಿ ಅಲ್ ಕಾಶಿ ಆ ಘನ ಸಮೀಕರಣವನ್ನೇ ಹಿಡಿದು ಒಂದು ಡಿಗ್ರಿಯ ಸೈನನ್ನು ಹದಿನಾರು ದಶಮಾಂಶದಷ್ಟು ಆಳಕ್ಕೆ ಲೆಕ್ಕ ಹಾಕಿದ, ಹದಿನೈದನೇ ಶತಮಾನದಲ್ಲಿ, ಕೈಯಲ್ಲಿ. ನಮ್ಮ ಮೊಬೈಲೂ ಕೊಡುವುದು ಹತ್ತಿರದ ಬೆಲೆಯನ್ನೇ, ಪೂರ್ತಿಯದ್ದನ್ನಲ್ಲ.

ಭಾಸ್ಕರರ ಹಾದಿ ಇವೆಲ್ಲಕ್ಕಿಂತ ನಮ್ಮ ಬೇವಿನ ಮರಕ್ಕೆ ಹತ್ತಿರ. ಒಂದು ಕೋನದ ಸೈನ್ ಗೊತ್ತಿದ್ದರೆ ಮುಂದಿನ ಡಿಗ್ರಿಯದ್ದು ಬೇಕು. ಗೊತ್ತಿರುವ ಸೈನಿನಲ್ಲಿ ಅದರ 6569ನೇ ಒಂದು ಭಾಗ ಕಳೆ. ಕೊಸೈನನ್ನು ಹತ್ತರಿಂದ ಗುಣಿಸಿ 573ರಿಂದ ಭಾಗಿಸಿ ಅದಕ್ಕೆ ಕೂಡಿಸು. ಅಷ್ಟೇ. ಪಂಚಭುಜದಿಂದ 36 ನಮಗೆ ಗೊತ್ತು, ಮರ ನಿಂತಿರುವುದು 37ರಲ್ಲಿ, ಒಂದೇ ಹೆಜ್ಜೆ. ಲೆಕ್ಕ ಹಾಕಿದಳು, 0.60181 ಬಂತು. ಮೊಬೈಲು ಹೇಳಿದ್ದು 0.601815. ಅವಳು ಕೈಬರಹದ ಅಂಕಿಯನ್ನೂ ಮೊಬೈಲನ್ನೂ ಎರಡು ಮೂರು ಸಲ ನೋಡಿದಳು. ಅದರಿಂದ ಕೊಸೈನ್, ಅದರಿಂದ ಟ್ಯಾನ್ 0.7536. ನಲವತ್ತು ಅಡಿಗೆ 30.14 ಅಡಿ, ಅವಳ ಕಣ್ಣಿನ ಎತ್ತರ ನಾಲ್ಕೂವರೆ ಸೇರಿಸಿ 34.64.

ಸಂಜೆ ಮತ್ತೆ ಜಾತ್ರೆಗೆ ಹೋದೆವು. ಬನಶಂಕರಿ ಜಾತ್ರೆಯಲ್ಲಿ ಬಾಗಿಲು, ಚೌಕಟ್ಟು ಮಾರುವ ಸಾಲು ಇರುತ್ತದೆ, ಹೊಸ ಮನೆ ಕಟ್ಟುವವರು ಅದಕ್ಕೆಂದೇ ಬರುತ್ತಾರೆ. ಅಲ್ಲೊಬ್ಬ ಬಡಿಗೇರ ಅಜ್ಜನಿಗೆ, ಚೌಕಟ್ಟಿನ ಮೂಲೆ ಸರಿಯಾಗಿದೆ ಅಂತ ಹೇಗೆ ನೋಡ್ತೀರಿ ಅಂದೆ. ‘ಮೂರು, ನಾಕು, ಐದು ಹಿಡದ್ರ ಮೂಲಿ ತಪ್ಪಂಗಿಲ್ಲ ತಮ್ಮಾ. ಈ ಕಡೆ ಮೂರು ಗುರುತು ಹಾಕು, ಆ ಕಡೆ ನಾಕು, ಅಡ್ಡ ಹಿಡದ್ರ ಐದು ಬರಬೇಕು’ ಅಂದ. ಅಕ್ಕನ ಮಗಳು ಅಲ್ಲೇ ನಿಂತು ಮೂರನ್ನು ನಾಲ್ಕರಿಂದ ಭಾಗಿಸಿ, ‘ಮಾಮಾ, 0.75!’ ಅಂದಳು. ಹೌದು, ಬಡಿಗೇರ ಅಜ್ಜನ ತ್ರಿಭುಜದ ಸಣ್ಣ ಕೋನ ಹೆಚ್ಚುಕಡಿಮೆ ನಮ್ಮ ಮರದ ಕೋನವೇ, 36.87 ಡಿಗ್ರಿ. ಅದನ್ನೇ ಹಿಡಿದಿದ್ದರೆ ಮರ 34 ಅಡಿ 6 ಅಂಗುಲ. ಭಾಸ್ಕರರ ಲೆಕ್ಕಕ್ಕೂ ಅಜ್ಜನ ಲೆಕ್ಕಕ್ಕೂ ನಡುವೆ ಎರಡು ಅಂಗುಲದ ಅಂತರವೂ ಇಲ್ಲ. ನಮ್ಮ ದಾರ ಒಂದು ಡಿಗ್ರಿ ಆಚೀಚೆ ಆಗಿದ್ದರೆ ಒಂದು ಅಡಿಗಿಂತ ಹೆಚ್ಚು ತಪ್ಪುತ್ತಿತ್ತು.

ನನಗೆ ಇಲ್ಲಿ ಬೆರಗು ಹುಟ್ಟಿಸಿದ್ದು ಇನ್ನೊಂದು. ಅಜ್ಜನ ತ್ರಿಭುಜದಲ್ಲಿ ಬದಿಗಳು ಪೂರ್ಣ, ಮೂರು ನಾಲ್ಕು ಐದು, ಸೈನ್ ಕರಾರುವಾಕ್ಕಾಗಿ 0.6. ಆದರೆ ಕೋನ ಸೊಟ್ಟ, 36.87 ಅಂದದ್ದೂ ಅಂದಾಜೇ, ದಶಮಾಂಶ ಮುಗಿಯುವುದೇ ಇಲ್ಲ. ಪುಸ್ತಕದ ಪಟ್ಟಿಯಲ್ಲಿ ಕೋನ ಪೂರ್ಣ, ಬೆಲೆಯಲ್ಲಿ √2, √3. ಕೋನವೂ ನೇರ, ಸೈನಿನ ಬೆಲೆಯೂ ನೇರ ಭಿನ್ನರಾಶಿ ಆಗಿರುವುದು 0ಯಿಂದ 90ರೊಳಗೆ ಮೂರೇ ಕಡೆ: 0, 30, 90. ಬೇರೆಲ್ಲೂ ಇಲ್ಲ, ಅರ್ಧ ಡಿಗ್ರಿ ಕಾಲು ಡಿಗ್ರಿ ಹಿಡಿದರೂ ಇಲ್ಲ. ಇದಕ್ಕೆ ಸಾಧನೆ ಇದೆ, ನಿವೆನ್ ಪ್ರಮೇಯ ಅನ್ನುತ್ತಾರೆ. ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವ ‘ಸೈನ್ 30 ಅಂದರೆ ಅರ್ಧ’ ಎಷ್ಟು ಅಪರೂಪದ್ದು ಅಂತ ಬಾಯಿಪಾಠ ಮಾಡುವ ಮಗುವಿಗೂ ಗೊತ್ತಿಲ್ಲ, ಮಾಡಿಸುವವರೂ ಹೇಳುವುದಿಲ್ಲ.

ಇಲಾಖೆಗೆ ಮನವಿ ಕೊಡುವಂಥದ್ದೇನೂ ನನ್ನ ಬಳಿ ಇಲ್ಲ. ಪಠ್ಯಕ್ರಮ ಬದಲಾಯಿಸಿ ಅಂತಲೂ ಅನ್ನುವುದಿಲ್ಲ, ಬದಲಾಯಿಸುತ್ತಾರೆಂದರೆ ಮೂರು ಸಮಿತಿ, ಆರು ವರ್ಷ. ನಾನು ಕೇಳುವುದು ಎರಡು ಪಿರಿಯಡ್ಡು. ಮೊದಲನೆಯದರಲ್ಲಿ ಪಟ್ಟಿ ಬರೆಯುವ ಮುಂಚೆ ಹಲಗೆಯ ಮೇಲೆ ಚೌಕ ಮತ್ತು ತ್ರಿಭುಜ. ಕೇಳುವ ಮಕ್ಕಳಿದ್ದರೆ ಪಂಚಭುಜವೂ. ಎರಡನೆಯದರಲ್ಲಿ ಹೊರಗೆ ಹೋಗಿ ಒಂದು ಕಂಬವನ್ನೋ ಮರವನ್ನೋ ಅಳೆಯುವುದು, ಕೋನ ಎಷ್ಟು ಬರುತ್ತದೋ ಅಷ್ಟೇ ಇರಲಿ. ಪಿಯುಸಿ ಹುಡುಗರ ಬಳಿ ಲಾಗ್ ಪುಸ್ತಕ ಇರುತ್ತದೆ, ಅದರಲ್ಲಿ ಎಲ್ಲ ಡಿಗ್ರಿಯ ಬೆಲೆ ಇದೆ, ಒಂದು ಪುಟ ಜೆರಾಕ್ಸ್ ಮಾಡಿಸಿದರೆ ಮುಗಿಯಿತು. ಫಲಿತಾಂಶದ ಸಭೆಗೆ ಇದರಿಂದ ಒಂದು ಅಂಕವೂ ಹೆಚ್ಚದಿರಬಹುದು. ಕಡಿಮೆಯಂತೂ ಆಗುವುದಿಲ್ಲ. ಹತ್ತನೇ ಕ್ಲಾಸಿನ ಮಕ್ಕಳು ಮನೆಯಲ್ಲಿರುವ ನಮ್ಮಂಥ ಮಾಮಂದಿರು, ಚಿಗವ್ವಂದಿರು ಶಾಲೆಗಾಗಿ ಕಾಯಬೇಕಾಗಿಯೂ ಇಲ್ಲ. ಕೋನಮಾಪಕ, ದಾರ, ಹರಳು ಎಲ್ಲರ ಮನೆಯಲ್ಲೂ ಇವೆ.

ಅಕ್ಕನ ಮಗಳು ಊರಿಗೆ ಹೋಗಿ ನಾಲ್ಕು ದಿನಕ್ಕೆ ಫೋನು ಮಾಡಿದಳು. ನೋಟುಬುಕ್ಕಿನ ಹಿಂದಿನ ಪುಟದಲ್ಲಿ 36ರಿಂದ ಹೊರಟು ಆ 6569, 573ರ ಲೆಕ್ಕದಲ್ಲೇ ಒಂದೊಂದು ಡಿಗ್ರಿ ಏರುತ್ತ ಹೋಗಿದ್ದಾಳೆ. ವರ್ಗಮೂಲಕ್ಕೆ ಮಾತ್ರ ಅಪ್ಪನ ಮೊಬೈಲು. ನಡುವೆ ನಲವತ್ತು ಸಿಕ್ಕಿದೆ, 0.6428. ಒಂಬತ್ತನೇ ಹೆಜ್ಜೆಗೆ 45 ತಲುಪಿ √2ರ ಅರ್ಧದ ಜೊತೆ ಹೋಲಿಸಿದ್ದಾಳೆ.

‘0.7071 ಮಾಮಾ. ಕೂಡ್ತು!’

ಸೈನ್ಸ್ ಮಾತು ನಾನೂ ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ. ಈಗ 36ರಿಂದ ಕೆಳಗಿಳಿದು 30ಕ್ಕೆ ಅರ್ಧ ಬರುತ್ತದೋ ಇಲ್ಲವೋ ನೋಡಬೇಕಂತೆ. ಇಳಿಯುವಾಗ ಕೂಡಿಸಬೇಕೋ ಕಳೆಯಬೇಕೋ ಅಂತ ಕೇಳಿದಳು.